ಅಳಿಯ ಕಟ್ಟಿದ ಇರುವೆ

ಮೀನು ಹಿಡಿಯುವವರಲ್ಲಿ ಎರಡು ಪಂಗಡ. ಎರೆಹುಳ ಚುಚ್ಚಿ ಹಿಡಿಯುವವರು ಒಂದು, ಕಲೆಯಿಂದ ಹಿಡಿಯುವವರು ಇನ್ನೊಂದು. ನಾನು ಎರಡನೆಯ ಪಂಗಡದವನು ಎಂದು ಹೋದ ಡಿಸೆಂಬರಿನ ಒಂದು ಶನಿವಾರ, ಊಟದ ತಟ್ಟೆಯ ಮುಂದೆ ಕೂತು ಜಗತ್ತಿಗೆಲ್ಲ ಸಾರಿಬಿಟ್ಟೆ. ಸಾರುವ ಮೊದಲು ಜಗತ್ತಿನಲ್ಲಿ ಯಾರ್ಯಾರು ಕೂತಿದ್ದಾರೆ ಎಂದು ನೋಡಿಕೊಳ್ಳಬೇಕಿತ್ತು. ಎದುರಿಗೇ ಕೂತಿದ್ದವರು ನಮ್ಮ ಮನೆಗೆ ಬಂದಿದ್ದ ನನ್ನ ಮಾವ, ಮೇಳಿಗೆಯ ಹೂವಯ್ಯನವರು. ತೊಟ್ಟಿಲಲ್ಲಿ ಮಲಗಿದ್ದಾಗ ಗಿಲಕಿ ಕೊಟ್ಟರೆ ಬಿಸಾಡಿ ಗಾಳ ಕೇಳುತ್ತಿದ್ದರು ಎಂದು ಅವರ ಊರಿನವರು ಹೇಳುವಂಥ ಮನುಷ್ಯ. ಎರೆಹುಳದ ಪಂಗಡಕ್ಕೆ ಅವರೇ ಅಧ್ಯಕ್ಷರು.

ನನ್ನ ಹೆಸರು ಪೂರ್ಣೇಶ್. ತೀರ್ಥಹಳ್ಳಿಯಲ್ಲಿ ನನ್ನದೊಂದು ಕನ್ನಡಕದ ಅಂಗಡಿ. ಊರಿಗೆಲ್ಲ ಕಣ್ಣು ಕಾಣಿಸುವಂತೆ ಮಾಡುವುದು ನನ್ನ ಕಸುಬು, ಸ್ವಂತ ಮಾವನಿಗೆ ಮಾತ್ರ ಕಾಣಿಸಲಾಗಿಲ್ಲ. ಹತ್ತಿರದ್ದೆಲ್ಲ ಅವರಿಗೆ ಮಂಜು ಮಂಜು. ಪೇಪರನ್ನು ತೋಳುದ್ದ ಚಾಚಿ ಓದುತ್ತಾರೆ. ಅಕ್ಷರ ಸಣ್ಣದಾಗಿ ತೋಳು ಸಾಲದೆ ಬಂದರೆ ಅತ್ತೆ ಆ ಪೇಪರು ಹಿಡಿದು ಎದುರು ಗೋಡೆಗೆ ಹೋಗಿ ನಿಲ್ಲಬೇಕು. ಕನ್ನಡಕ ಹಾಕಿಕೊಳ್ಳಿ ಮಾವ, ನಮ್ಮದೇ ಅಂಗಡಿ ಎಂದರೆ, ವಯಸ್ಸಾದವರಿಗೆ ಕೊಡಿ ಎನ್ನುತ್ತಾರೆ. ಈ ವಿಷಯ ಸ್ವಲ್ಪ ನೆನಪಿಟ್ಟುಕೊಳ್ಳಿ. ಮರುದಿನ ನನ್ನ ಜೀವ ಹಿಂಡಿದ್ದು ಇದೇ.

ನಾನು ಹೇಳಿದ ಕಲೆಯ ಹೆಸರು ಫ್ಲೈ ಫಿಶಿಂಗ್. ಮೆಡಿಕಲ್ ಶಾಪಿನ ಉಮೇಶ ಹಿಡಿಸಿದ ಹುಚ್ಚು. ಇದರಲ್ಲಿ ಹುಳವಿಲ್ಲ, ಹಿಟ್ಟಿಲ್ಲ, ಕೈಗೆ ನಾತವಿಲ್ಲ. ಸಣ್ಣದೊಂದು ಗಾಳದ ಮುಳ್ಳಿಗೆ ನೂಲು, ಗರಿ, ಫೋಮು ಸುತ್ತಿ ಥೇಟ್ ಹುಳುವಿನ ಹಾಗೆ ಕಾಣುವ ಬೊಂಬೆ ಕಟ್ಟಬೇಕು. ಅದನ್ನು ನೀರಿನ ಮೇಲೆ ತೇಲಿಬಿಟ್ಟರೆ ಮೀನು ನಿಜವೆಂದೇ ನಂಬಿ ಬಾಯಿ ಹಾಕುತ್ತದೆ. ಉಮೇಶ ಎಲ್ಲೆಲ್ಲಿಯದೋ ವಿದೇಶಿ ನೊಣಗಳನ್ನು ಕಟ್ಟುತ್ತಿದ್ದ. ನಾನು ಅವನಿಗಿಂತ ಒಂದು ಹೆಜ್ಜೆ ಮುಂದೆ ಹೋದೆ. ತುಂಗೆಯ ದಂಡೆಯಲ್ಲಿ ನೀರಿನ ಕಡೆಗೆ ಬಾಗಿದ ಮರಗಳಲ್ಲೆಲ್ಲ ಚಗಳಿ ಗೂಡುಗಳಿವೆ. ಗಾಳಿ ಬಂದರೆ ಸಾಕು, ಕೆಂಪು ಚಗಳಿ ಇರುವೆಗಳು ಪಟಪಟ ನೀರಿಗೆ ಉದುರುತ್ತವೆ. ಮೀನುಗಳು ಕೆಳಗೆ ಬಾಯಿ ಕಳೆದುಕೊಂಡು ಕಾಯುತ್ತಿರುತ್ತವೆ. ಅಂದಮೇಲೆ ನಮ್ಮ ತುಂಗೆಯ ಮೀನಿಗೆ ಪರದೇಶದ ನೊಣ ಯಾಕೆ? ಫೋಮಿನ ಚಗಳಿಯೇ ಸರಿ!

ಇಷ್ಟನ್ನೂ ನಾನು ಕೈ ಆಡಿಸಿ ವಿವರಿಸಿದ ಮೇಲೆ ಮಾವ ಬಾಯಲ್ಲಿದ್ದ ತುತ್ತನ್ನು ನಿಧಾನಕ್ಕೆ ನುಂಗಿದರು.

"ಅಲ್ಲ ಮಾರಾಯ್ರೆ, ಮೀನು ಫೋಮು ತಿನ್ನೋದಾದ್ರೆ ಹೊಳೆ ದಡದಲ್ಲಿ ಅಷ್ಟೊಂದು ಹವಾಯಿ ಚಪ್ಲಿ ಬಿದ್ದಾವಲ್ಲ, ಒಂದನ್ನಾದ್ರೂ ಕಚ್ಚಬೇಕಿತ್ತಲ್ಲ?"

ಅತ್ತೆ ವರದಮ್ಮ ಸೆರಗು ಬಾಯಿಗೆ ಇಟ್ಟುಕೊಂಡರು. ನನ್ನ ಹೆಂಡತಿ ಸೌಜನ್ಯಾ ಅಷ್ಟೂ ಮರ್ಯಾದೆ ಕೊಡದೆ ಜೋರಾಗಿಯೇ ನಕ್ಕಳು. ನನ್ನ ಕಿವಿ ಬಿಸಿಯಾಯಿತು. ಕಿವಿ ಬಿಸಿಯಾದಾಗ ಮನುಷ್ಯ ಸುಮ್ಮನಿರಬೇಕು. ನಾನು ಎದ್ದು ನಿಂತೆ.

"ನಾಳೆ ಭಾನುವಾರ. ನನ್ನ ಇರುವೆಗೆ ಬಿದ್ದಿದ್ದನ್ನ ನಾಳೆ ಸಂಜೆ ಒಳಗೆ ಈ ಮನೆ ಹೊಸಿಲು ದಾಟಿಸ್ತೀನಿ. ದಾಟಿಸದೆ ಹೋದ್ರೆ ಒಂದು ವರ್ಷ ಪೂರ್ತಿ ನಿಮ್ಮ ಎರೆಹುಳದ ಡಬ್ಬ ಹೊತ್ಕೊಂಡು ನಿಮ್ಮ ಹಿಂದೆ ಬರ್ತೀನಿ, ಮಾವ."

"ಎಲ್ರೂ ಕೇಳಿಸ್ಕೊಂಡ್ರಲ್ಲ," ಎಂದಳು ಸೌಜನ್ಯಾ. "ನಾ ಮರೆಯಲ್ಲ."

ಅವಳು ಯಾವುದನ್ನೂ ಮರೆಯುವುದಿಲ್ಲ. ನನಗೆ ಆಗಲೇ ಒಳಗೊಳಗೆ ಸಣ್ಣದೊಂದು ನಡುಕ ಇತ್ತು, ಅದಕ್ಕೆ ಬೇರೆ ಕಾರಣ. ಇರುವೆಗೆ ಬೇಕಾದ ಕೆಂಪು ಫೋಮು ಅಂಗಡಿಯಲ್ಲಿ ಸಿಕ್ಕಿರಲಿಲ್ಲ. ಮನೆಯಲ್ಲಿ ಸಿಕ್ಕಿತ್ತು. ಸೌಜನ್ಯಾ ಆಸೆಪಟ್ಟು ತರಿಸಿಕೊಂಡಿದ್ದ ಕಡುಗೆಂಪು ಯೋಗದ ಮ್ಯಾಟು! ಅದನ್ನು ಸುರುಳಿ ಸುತ್ತಿ ಇಡುತ್ತಿದ್ದಳಾದ್ದರಿಂದ ಒಳಗಿನ ಮೂಲೆಯ ಒಂದು ಪಟ್ಟಿ ಹೋದರೆ ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡು ಗುರುವಾರ ಕತ್ತರಿ ಆಡಿಸಿದ್ದೆ. ಶುಕ್ರವಾರ ಬೆಳಿಗ್ಗೆಯೇ ಅವಳಿಗೆ ಗೊತ್ತಾಯಿತು. ಇಲಿ ಇರಬೇಕು ಎಂದೆ. ಅವಳು ನನ್ನನ್ನು ಒಂದು ಸಲ ನೋಡಿ, ಇರಬೇಕು ಎಂದು, ಅವತ್ತೇ ಇಲಿ ಹಿಡಿಯುವ ಅಂಟು ಹಲಗೆ ತಂದು ಅಡಿಗೆಮನೆಯಿಂದ ಜಗಲಿಗೆ ಹೋಗುವ ದಾರಿಯಲ್ಲಿ ಮ್ಯಾಟಿನ ಪಕ್ಕ ಇಟ್ಟಿದ್ದಳು.

ಭಾನುವಾರ ಬೆಳಿಗ್ಗೆ ಕಲಾವಿದ ಕೆಲಸಕ್ಕೆ ಕೂತ. ಅಂಗಡಿಯಲ್ಲಿ ಕನ್ನಡಕದ ಫ್ರೇಮು ಕಚ್ಚಿ ಹಿಡಿಯುವ ಪುಟ್ಟ ಇಕ್ಕಳವನ್ನು ಊಟದ ಮೇಜಿಗೆ ಸಿಕ್ಕಿಸಿ, ಅದರ ಬಾಯಿಗೆ ಗಾಳದ ಮುಳ್ಳು ಕೊಟ್ಟು, ಮೈಗೆ ನೂಲು ಸುತ್ತಿದೆ. ಫೋಮಿನ ಎಳೆಯನ್ನು ನಡುವೆ ಬಿಗಿದರೆ ಹಿಂದೆ ಹೊಟ್ಟೆ ಉಬ್ಬಿತು, ಮುಂದೆ ತಲೆ ಉಬ್ಬಿತು, ಮಧ್ಯೆ ಸಿನಿಮಾ ನಟಿಯಂಥ ಸೊಂಟ ಬಂತು. ಸೊಂಟಕ್ಕೆ ಹುಂಜದ ಗರಿ ಒಂದು ಸುತ್ತು ಸುತ್ತಿದರೆ ಕಾಲುಗಳು ಕೆದರಿ ನಿಂತವು. ಗಂಟು ಬಿಚ್ಚದಿರಲೆಂದು ಮೇಲೊಂದು ಹನಿ ಉಗುರುಬಣ್ಣ. ಅದೂ ಸೌಜನ್ಯಾಳದ್ದೇ, ಅದಕ್ಕೂ ಅವಳ ಅಪ್ಪಣೆ ಕೇಳಿರಲಿಲ್ಲ. ಹೀಗೆ ಆರು ಇರುವೆ ಕಟ್ಟಿ ಒಂದು ಸ್ಟೀಲ್ ತಟ್ಟೆಯಲ್ಲಿ ಹರಡಿ, ಬಿಸಿಲು ಬೀಳುತ್ತದೆಂದು ಅಡಿಗೆಮನೆಯ ಕಿಟಕಿ ಕಟ್ಟೆಯ ಮೇಲೆ ಒಣಗಲು ಇಟ್ಟೆ.

ಅಲ್ಲಿ ಇನ್ನೊಂದು ಸ್ಟೀಲ್ ತಟ್ಟೆ ಇತ್ತು. ಅದರ ತುಂಬ ನಿಜವಾದ ಚಗಳಿ!

ನಮ್ಮ ಕಡೆಯವರಿಗೆ ಹೇಳಬೇಕಿಲ್ಲ, ಬೇರೆ ಕಡೆಯವರು ಗಾಬರಿಯಾಗಬೇಡಿ. ಚಗಳಿಯನ್ನು ನಾವು ತಿನ್ನುತ್ತೇವೆ. ಗೂಡು ಕೊಯ್ದು ತಂದು, ಇರುವೆಗಳನ್ನು ಉಪ್ಪು ಹಾಕಿ ಹುರಿದು, ಹಸಿಮೆಣಸು, ಬೆಳ್ಳುಳ್ಳಿ, ಕಾಯಿತುರಿ ಹಾಕಿ ಅರೆದರೆ ಅದಕ್ಕೊಂದು ಹುಳಿ ಬರುತ್ತದೆ, ಆ ಹುಳಿಗೆ ನೆಗಡಿ ಕೆಮ್ಮು ಹೆದರಿ ಓಡಬೇಕು. ಮಾವನಿಗೆ ವಾರದಿಂದ ಕೆಮ್ಮು. ಅದಕ್ಕೇ ಅತ್ತೆ ಮೇಳಿಗೆಯಿಂದ ಬರುವಾಗ ಮಾವಿನ ಮರದ ಒಂದು ಗೂಡನ್ನೇ ಕಟ್ಟಿಕೊಂಡು ಬಂದಿದ್ದರು. ಅವರು ಹುರಿದು ಆರಲು ಇಟ್ಟಿದ್ದ ಆ ತಟ್ಟೆ, ಪಕ್ಕದಲ್ಲಿ ನನ್ನ ತಟ್ಟೆ. ನಾನು ಎರಡನ್ನೂ ನೋಡಿದೆ. ಅದೇ ಬಣ್ಣ, ಅದೇ ಸೊಂಟ, ಅದೇ ಕಾಲು. ಯಾವುದು ದೇವರು ಮಾಡಿದ್ದು, ಯಾವುದು ಪೂರ್ಣೇಶ ಮಾಡಿದ್ದು ಎಂದು ಹೇಳುವುದು ಕಷ್ಟವಿತ್ತು. ನನ್ನದು ಕೊಂಚ ದಪ್ಪ, ಅಷ್ಟೇ. ಹೆಮ್ಮೆಯಿಂದ ನನ್ನ ಎದೆ ಉಬ್ಬಿತು.

ಅಷ್ಟರಲ್ಲಿ ಗಿರಾಕಿಯೊಬ್ಬರ ಫೋನು ಬಂತು. ಕನ್ನಡಕದ ಮೇಲೆ ಅವರ ಎಮ್ಮೆ ಕಾಲಿಟ್ಟಿತ್ತು. ಎಮ್ಮೆ ಯಾಕೆ ಕಾಲಿಟ್ಟಿತು ಎಂಬುದನ್ನು ಅವರು ಎಮ್ಮೆಯ ತಾಯಿಯ ಕಾಲದಿಂದ ಶುರುಮಾಡಿದರು. ನಾನು ಅಂಗಳಕ್ಕೆ ಹೋಗಿ ಕೇಳುತ್ತಾ ನಿಂತೆ. ಒಳಗೆ ಮಿಕ್ಸಿ ತಿರುಗಿದ ಸದ್ದು ಕೇಳಿತು, ಅಕ್ಕಿರೊಟ್ಟಿಯ ವಾಸನೆ ಬಂತು, ಸ್ವಲ್ಪ ಹೊತ್ತಿಗೆ ಮಾವ ಚಪ್ಪರಿಸುವ ಸದ್ದೂ ಕೇಳಿತು. ಫೋನಿಟ್ಟು ಒಳಗೆ ಬಂದು ಕಿಟಕಿ ಕಟ್ಟೆ ನೋಡಿದೆ. ಚಗಳಿ ತಟ್ಟೆ ಖಾಲಿ. ನನ್ನ ತಟ್ಟೆಯಲ್ಲಿ ಐದೇ ಇರುವೆ.

ಮತ್ತೆ ಎಣಿಸಿದೆ. ಕನ್ನಡಕ ಒರೆಸಿಕೊಂಡು ಎಣಿಸಿದೆ. ಕಟ್ಟೆಯ ಕೆಳಗೆ, ಸಿಂಕಿನಲ್ಲಿ, ಒಲೆಯ ಹಿಂದೆ, ಕಾಯಿ ಸಿಪ್ಪೆಯ ಬುಟ್ಟಿಯಲ್ಲಿ ಎಲ್ಲ ನೋಡಿದೆ. ಇಲ್ಲ. 

"ಅತ್ತೆ," ಎಂದೆ, "ಚಟ್ನಿ ಅರೆಯುವಾಗ ಮಿಕ್ಸಿ ಏನಾದ್ರೂ ಕಟಕಟ ಅಂತಾ?"

"ಆ ಮಿಕ್ಸಿ ಯಾವಾಗ ಕಟಕಟ ಅನ್ನಲ್ಲ ಹೇಳಿ?" ಎಂದರು ಅತ್ತೆ. "ರಿಪೇರಿ ಮಾಡಿಸ್ತೀನಿ ಅಂತ ಯುಗಾದಿಯಿಂದ ಹೇಳ್ತಿದೀರಂತೆ."

ಹೌದು, ಹೇಳುತ್ತಿದ್ದೆ. ಆ ಮಿಕ್ಸಿಗೆ ಗಾಳದ ಮುಳ್ಳಲ್ಲ, ಕುದುರೆ ಲಾಳ ಬಿದ್ದರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಚಟ್ನಿ ಇನ್ನೂ ಯಾರ್‍ಯಾರು ತಿಂದರು ಎಂದು ಕೇಳಿದೆ. ಅತ್ತೆಗೆ ಇನ್ನೂ ತಿಂಡಿ ಆಗಿರಲಿಲ್ಲ, ಸೌಜನ್ಯಾ ಮಹಡಿಯಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ತಿಂದವರು ಮಾವ ಒಬ್ಬರೇ. ಎರಡು ಸಲ ಹಾಕಿಸಿಕೊಂಡರಂತೆ.

ಆ ಕ್ಷಣಕ್ಕೆ ಸರಿಯಾಗಿ ಜಗಲಿಯಿಂದ ಮಾವ ಕೆಮ್ಮಿದರು. ಕೆಮ್ಮಿ, ಗಂಟಲು ಉಜ್ಜಿಕೊಂಡು, ಎಂತದೋ ಚುಚ್ಚಿದ ಹಾಗಾಗ್ತದೆ, ನೀರು ತಾ ಎಂದು ಅತ್ತೆಯನ್ನು ಕೂಗಿದರು.

ನಾನು ಈ ಬರಹದಲ್ಲಿ ನಗಿಸಲು ಹೊರಟವನು, ಆದರೂ ಒಂದು ಮಾತು ನಗದೆ ಹೇಳುತ್ತೇನೆ. ಆಗ ನನಗೆ ಆದ ಹೆದರಿಕೆ ಅಷ್ಟಿಷ್ಟಲ್ಲ. ಮಾವ ನನ್ನನ್ನು ಗೇಲಿ ಮಾಡುತ್ತಾರೆ, ನಿಜ. ಆದರೆ ನನ್ನ ಅಂಗಡಿ ಶುರುವಾದ ಹೊಸದರಲ್ಲಿ ಒಬ್ಬ ಗಿರಾಕಿಯೂ ಇಲ್ಲದೆ ನಾನು ನೊಣ ಹೊಡೆಯುತ್ತಿದ್ದಾಗ, ಮೇಳಿಗೆಯಿಂದ ದಿನಾ ಬಸ್ಸು ಹತ್ತಿ ಬಂದು, ಬರುವವರಿಗೆ ಅಂಗಡಿ ತುಂಬಿದಂತೆ ಕಾಣಲೆಂದು ಬೆಂಚಿನ ಮೇಲೆ ಕೂತು ಹೋಗುತ್ತಿದ್ದವರು ಅವರೇ. ಅಂಥ ಮನುಷ್ಯನ ಹೊಟ್ಟೆಯೊಳಗೆ ನನ್ನ ಕೈಯಾರೆ ಕಟ್ಟಿದ ಗಾಳ! 

ಹೇಳಿಬಿಡಬಹುದಿತ್ತು. ಆದರೆ ಹೇಳುವುದು ಎಲ್ಲಿಂದ? ಇರುವೆ ಕಾಣೆಯಾಗಿದೆ ಎಂದರೆ ಇರುವೆಗೆ ಫೋಮು ಎಲ್ಲಿಂದ ಬಂತು ಎನ್ನುತ್ತಾರೆ. ಫೋಮಿನ ಮಾತು ಬಂದರೆ ಮ್ಯಾಟು ಬರುತ್ತದೆ, ಮ್ಯಾಟಿನ ಹಿಂದೆ ಉಗುರುಬಣ್ಣ, ಅದರ ಹಿಂದೆ ಮಿಕ್ಸಿ. ಮೊದಲು ಖಚಿತ ಮಾಡಿಕೊಳ್ಳೋಣ ಎಂದುಕೊಂಡು ಹಿತ್ತಲಿಗೆ ಹೋಗಿ ಉಮೇಶನಿಗೆ ಫೋನ್ ಮಾಡಿದೆ. ಗಾಳ ಪೂರ್ತಿ ನುಂಗಿಬಿಟ್ಟರೆ ಏನು ಮಾಡಬೇಕು ಎಂದು ಕೇಳಿದೆ.

ಅವನು ಹುರುಪಿನಿಂದ ಹೇಳಿದ. ಒಳಗೆ ಹೋದದ್ದನ್ನು ಎಳೆಯಲೇಬಾರದಂತೆ, ಕರುಳು ಹರಿಯುತ್ತದಂತೆ. ದಾರ ಕತ್ತರಿಸಿ ನೀರಿಗೆ ಬಿಡಬೇಕಂತೆ. ಕೆಲವು ಬದುಕುತ್ತವಂತೆ, ಕೆಲವು ಹೊಟ್ಟೆ ಮೇಲೆ ಮಾಡಿ ತೇಲುತ್ತವಂತೆ.

"ಎಷ್ಟು ದೊಡ್ಡ ಮೀನು ಮಾರಾಯ?" ಎಂದ.

"ಐದಡಿ ಎಂಟಿಂಚು," ಎಂದು ಫೋನಿಟ್ಟೆ.

ನೀರಿಗೆ ಬಿಡುವ ಹಾಗಿರಲಿಲ್ಲ. ಮುಳ್ಳು ಸಿಕ್ಕಿಕೊಂಡರೆ ಬಾಳೆಹಣ್ಣು ನುಂಗಿಸಬೇಕು ಎಂದು ಚಿಕ್ಕಂದಿನಲ್ಲಿ ಕೇಳಿದ್ದು ನೆನಪಾಯಿತು. ಗೊನೆಯಿಂದ ಒಂದು ಚಿಪ್ಪು ಕಿತ್ತುಕೊಂಡು ಹೋಗಿ ಮಾವನ ಮುಂದಿಟ್ಟು, ತಿನ್ನಿ ಮಾವ, ಅಗಿಯಬೇಡಿ, ಹಾಗೇ ನುಂಗಿ ಎಂದೆ. ಬೇರೆ ದಿನವಾದರೆ ಮಾವ ಹತ್ತು ಪ್ರಶ್ನೆ ಕೇಳುತ್ತಿದ್ದರು. ಅವತ್ತು ನನ್ನ ಮುಖ ನೋಡಿ, ಕಣ್ಣು ತಪ್ಪಿಸಿ, ತೆಪ್ಪಗೆ ಬಾಳೆಹಣ್ಣು ತಿನ್ನತೊಡಗಿದರು. ಆ ವಿಧೇಯತೆ ನೋಡಿ ನನಗೆ ಇನ್ನೂ ಭಯವಾಯಿತು. ಒಳಗೆ ಏನೋ ಆಗುತ್ತಿದೆ, ಪಾಪ, ಬಾಯಿ ಬಿಟ್ಟು ಹೇಳುತ್ತಿಲ್ಲ ಎಂದುಕೊಂಡೆ.

ಮುಂದಿನ ಅಸ್ತ್ರ ಅಯಸ್ಕಾಂತ. ಫ್ರೇಮಿನ ಸಣ್ಣ ಸ್ಕ್ರೂಗಳು ನೆಲಕ್ಕೆ ಬಿದ್ದರೆ ಹುಡುಕಲು ಮನೆಯಲ್ಲೂ ಒಂದು ಇಟ್ಟಿದ್ದೆ, ಹಳೇ ಸ್ಪೀಕರಿನದ್ದು, ಒಬ್ಬಟ್ಟಿನಷ್ಟು ಅಗಲ. ಅದನ್ನು ಅಡಿಗೆಮನೆಗೆ ಒಯ್ದು ಉಳಿದ ಚಟ್ನಿಯ ಬೋಗುಣಿಯೊಳಗೆ ಮುಳುಗಿಸಿ ತಿರುಗಿಸಿದೆ. ಏನಾದರೂ ಅಂಟಿದರೆ ನಾನು ಬದುಕಿದೆ, ಮಾವನೂ ಬದುಕಿದರು. ಎತ್ತಿ ನೋಡಿದರೆ ಬರೀ ಚಟ್ನಿ. ಹಿಂದೆ ತಿರುಗಿದರೆ ಅತ್ತೆ ನಿಂತಿದ್ದರು.

ಏನು ಹೇಳಲಿ? ಚಟ್ನಿಯಲ್ಲಿ ಕಬ್ಬಿಣದ ಅಂಶ ಎಷ್ಟಿದೆ ಎಂದು ನೋಡುತ್ತಿದ್ದೆ ಎಂದುಬಿಟ್ಟೆ. ಅತ್ತೆಯ ಮುಖ ಅರಳಿತು. ಚಗಳಿಯಲ್ಲಿ ಇಲ್ಲದ ಸತ್ವ ಯಾವುದಿದೆ ಎಂದು ಹೆಮ್ಮೆಪಟ್ಟು, ತಮಗೂ ಒಂದು ರೊಟ್ಟಿಗೆ ಹಾಕಿಕೊಳ್ಳಲು ಬೋಗುಣಿಗೆ ಕೈ ಚಾಚಿದರು. ನಾನು ಬೋಗುಣಿ ಕಸಿದುಕೊಂಡು, ಹುಳಿ ಜಾಸ್ತಿಯಾಗಿದೆ ಎಂದು ಗೊಣಗಿ, ಅತ್ತೆಯ ಕಣ್ಣೆದುರೇ ಚಟ್ನಿಯನ್ನು ಹಿತ್ತಲ ಬಾಳೆಬುಡಕ್ಕೆ ಸುರಿದೆ. ಮದುವೆಯಾದಂದಿನಿಂದ ಅತ್ತೆ ನನ್ನನ್ನು ಅಷ್ಟು ಹೊತ್ತು ಮಾತಿಲ್ಲದೆ ನೋಡಿದ್ದು ಅದೇ ಮೊದಲು.

ಇನ್ನು ಉಳಿದದ್ದು ಹೊಟ್ಟೆಯೊಂದೇ. ಅಯಸ್ಕಾಂತ ತೊಳೆದುಕೊಂಡು ಜಗಲಿಗೆ ಓಡಿದೆ. ಓಡುವಾಗ ದಾರಿಯಲ್ಲಿ ಬಲಗಾಲು ಯಾವುದೋ ಮೆತ್ತನೆಯದರ ಮೇಲೆ ಬಿತ್ತು. ಎತ್ತಿದರೆ ಕಾಲಿನ ಜೊತೆ ಅದೂ ಬಂತು. ಇಲಿಯ ಅಂಟು ಹಲಗೆ! ಕೆರೆದರೆ ಕೈಗೂ ಅಂಟಿತು. ಬಿಡಿಸಿಕೊಳ್ಳಲು ಪುರಸೊತ್ತಿರಲಿಲ್ಲ. ಒಂದು ಕಾಲಿಗೆ ಹಲಗೆ ಕಟ್ಟಿಕೊಂಡವನಂತೆ ಟಪ್ಪ್ ಟಪ್ಪ್ ಎಂದು ನಡೆದು ಮಾವನ ಆರಾಮಕುರ್ಚಿಯ ಪಕ್ಕ ಕೂತೆ.

ಇದು ಹೊಸ ಚಿಕಿತ್ಸೆ ಮಾವ, ಕೆಮ್ಮಿಗೆ ಒಳ್ಳೆಯದು ಎಂದು ಅಯಸ್ಕಾಂತವನ್ನು ಅವರ ಎದೆಯ ಮೇಲೆ ಆಡಿಸಿದೆ. ಏನಿಲ್ಲ. ಹೊಟ್ಟೆಯ ಮೇಲೆ ತಂದೆ. ಏನಿಲ್ಲ. ಸ್ವಲ್ಪ ಧೈರ್ಯ ಬಂತು. ಎಡಗಡೆ ಸೊಂಟದ ಹತ್ತಿರ ತಂದೆ ನೋಡಿ, ಅಯಸ್ಕಾಂತ ಕೈಯಿಂದ ಜಗ್ಗಿಕೊಂಡು ಹೋಗಿ ಮಾವನ ಪಂಚೆಗೆ ಅಂಟಿಕೊಂಡಿತು!

ಮಾವ ಬೆಚ್ಚಿಬಿದ್ದು ಎರಡೂ ಕೈಯಿಂದ ಆ ಜಾಗ ಮುಚ್ಚಿಕೊಂಡರು.

"ಕೀ," ಎಂದರು. "ಕಪಾಟಿನ ಕೀ ಅದು. ಉಡದಾರದಲ್ಲಿ ಇಟ್ಕೊಂಡಿದೀನಿ."

ಆದರೆ ಅವರ ಕಪಾಟಿನ ಕೀಲಿಕೈ ಬಲಗಡೆ ಪಂಚೆಯ ಹೊರಗೇ ನೇತಾಡುತ್ತಿತ್ತು. ನಾನು ಅದನ್ನು ನೋಡಿದೆ. ನಾನು ನೋಡಿದ್ದನ್ನು ಅವರೂ ನೋಡಿದರು. ಇಬ್ಬರ ಹಣೆಯಲ್ಲೂ ಬೆವರು. ಮುಳ್ಳು ಕರುಳಿನ ಎಡತಿರುವಿನಲ್ಲಿ ಸಿಕ್ಕಿಕೊಂಡಿದೆ, ನೋವು ಮುಚ್ಚಿಟ್ಟುಕೊಂಡು ನನಗೆ ಬೇಜಾರಾಗಬಾರದೆಂದು ಕೀ ಎನ್ನುತ್ತಿದ್ದಾರೆ ಎಂದು ನನ್ನ ತಲೆಗೆ ಹೊಳೆಯಿತು. ಕಣ್ಣಲ್ಲಿ ನೀರೇ ಬಂತು. ಮೇಳಿಗೆಯ ಅಷ್ಟೂ ನೆಂಟರು ಜಗಲಿಯಲ್ಲಿ ಸಾಲಾಗಿ ಕೂತು, ಇವನೇ ಅಂತೆ, ಮಾವನಿಗೆ ಗಾಳ ಹಾಕಿದವನು ಎಂದು ಪಿಸುಗುಡುವುದು ಕಣ್ಣಿಗೆ ಕಟ್ಟಿತು.

ಕೆಮ್ಮು ಜಾಸ್ತಿಯಾಗಿದೆ, ಈಗಲೇ ಒಂದು ಎಕ್ಸ್‌ರೇ ತೆಗೆಸಿಬಿಡೋಣ ಎಂದು ಮನೆಯಲ್ಲಿ ಘೋಷಿಸಿದೆ. ಆಸ್ಪತ್ರೆ ಎಂದರೆ ಆರು ಮೈಲಿ ದೂರ ಓಡುವ ಮಾವ, ನಡೀರಿ ಎಂದು ಮೊದಲು ಎದ್ದರು. ಸೌಜನ್ಯಾ ಮಹಡಿಯಿಂದ ಇಳಿದು ಬಂದು ಅಪ್ಪನ ಮುಖ ನೋಡಿದಳು, ನನ್ನ ಮುಖ ನೋಡಿದಳು, ನನ್ನ ಬಲಗಾಲು ನೋಡಿದಳು. ಏನೂ ಕೇಳದೆ ಕಾರು ಹತ್ತಿದಳು. ಅವಳು ಕೇಳಿದರೆ ಒಂದು ಥರ ಹೆದರಿಕೆ, ಕೇಳದಿದ್ದರೆ ಇನ್ನೊಂದು ಥರ.

ಹಲಗೆಯನ್ನು ಹೇಗೋ ಕಿತ್ತೆಸೆದಿದ್ದೆ, ಅಂಟು ಹೋಗಿರಲಿಲ್ಲ. ಅಂಗಾಲು ಆಕ್ಸಿಲರೇಟರಿಗೆ ಅಂಟಿಕೊಳ್ಳುತ್ತಿತ್ತು, ಆದರೂ ನಾನು ಕಾರನ್ನು ಎತ್ತಿನ ಗಾಡಿಯಂತೆ ಓಡಿಸಿದೆ. ರಸ್ತೆಯ ಒಂದೊಂದು ಉಬ್ಬಿಗೂ ನನ್ನ ಕರುಳೇ ಹರಿದಂತಾಗುತ್ತಿತ್ತು. ಸೈಕಲ್ಲೊಂದು ನಮ್ಮನ್ನು ಹಿಂದೆ ಹಾಕಿ ಹೋಯಿತು. ಸೇತುವೆಯ ಮೇಲೆ ಹೋಗುವಾಗ ಕೆಳಗೆ ತುಂಗೆ ಹರಿಯುತ್ತಿದ್ದಳು, ದಂಡೆಯಲ್ಲಿ ಯಾರೋ ಎರೆಹುಳ ಚುಚ್ಚಿಕೊಂಡು ನೆಮ್ಮದಿಯಾಗಿ ಕೂತಿದ್ದರು. ಅವರನ್ನು ಕಂಡು ಹೊಟ್ಟೆಕಿಚ್ಚಾಯಿತು.

ಡಾಕ್ಟರ್ ವೇದಾವತಿಯವರ ಕ್ಲಿನಿಕ್ಕಿನಲ್ಲಿ ಎಕ್ಸ್‌ರೇ ಇದೆ. ಭಾನುವಾರವಾದ್ದರಿಂದ ಡಾಕ್ಟರು ಬರುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ಮಾವನನ್ನು ಹೊರಗೆ ಕೂರಿಸಿ ನಾನೊಬ್ಬನೇ ಮೊದಲು ಒಳಗೆ ನುಗ್ಗಿದೆ.

"ಮೇಡಂ, ನಮ್ಮ ಮಾವ ಒಂದು ಇರುವೆ ನುಂಗಿದಾರೆ ಅಂತ ಅನುಮಾನ."

"ಚಗಳಿ ತಾನೆ? ನಾನೂ ತಿನ್ತೀನಿ. ಅದಕ್ಕೆ ಎಕ್ಸ್‌ರೇ ಯಾಕೆ?"

"ಇದು ಮುಳ್ಳಿರೋ ಇರುವೆ, ಮೇಡಂ."

ಡಾಕ್ಟರು ನನ್ನನ್ನು ಕೂರಿಸಿ ನನ್ನ ಬಿಪಿ ನೋಡಲು ಹೊರಟರು. ಕೈಮುಗಿದು ವಿಷಯ ಬಿಡಿಸಿ ಹೇಳಿದೆ. ಮನೆಯವಳಿಗೆ ಮಾತ್ರ ಸದ್ಯಕ್ಕೆ ಹೇಳಬೇಡಿ ಎಂದು ಬೇಡಿಕೊಂಡೆ. ಅವರ ಮುಖ ಗಂಭೀರವಾಯಿತು. ಮಾವನನ್ನು ಎಕ್ಸ್‌ರೇ ಕೋಣೆಗೆ ಕಳಿಸಿದರು. ಎದೆಯಷ್ಟೇ ಅಲ್ಲ, ಸೊಂಟದವರೆಗೂ ತೆಗೆಯಿರಿ ಎಂದರು. ಒಳಗೆ ಏನೋ ಸಣ್ಣ ವಾದ ನಡೆದದ್ದು ಕೇಳಿಸಿತು. ಮಾವ ಕೀಲಿಕೈ ಬಿಚ್ಚಿಕೊಟ್ಟರಂತೆ, ಮತ್ತೇನನ್ನೂ ಬಿಚ್ಚುವುದಿಲ್ಲ ಎಂದು ಹಟ ಹಿಡಿದರಂತೆ. ಬಟ್ಟೆ ತಾನೆ, ಇರಲಿ ಎಂದು ಅಲ್ಲಿಯವರು ಬಿಟ್ಟರಂತೆ.

ಸ್ವಲ್ಪ ಹೊತ್ತಿಗೆ ಡಾಕ್ಟರು ನನ್ನನ್ನೂ ಸೌಜನ್ಯಾಳನ್ನೂ ಕರೆದು ಕಂಪ್ಯೂಟರಿನ ಪರದೆ ತಿರುಗಿಸಿದರು. ಮಾವನ ಪಕ್ಕೆಲುಬುಗಳು ಬೆಳ್ಳಗೆ ಕಾಣುತ್ತಿದ್ದವು. ಕೆಳಗೆ, ಎಡಗಡೆ, ಸೊಂಟದ ಹತ್ತಿರ, ಅಚ್ಚು ಒತ್ತಿದಷ್ಟು ಸ್ಪಷ್ಟವಾಗಿ ಒಂದು ಗಾಳದ ಮುಳ್ಳು. ಅದರ ಕೊಕ್ಕೆ, ಅದರ ಕಣ್ಣು, ಎಲ್ಲ. ನನ್ನ ಕೈಕೆಲಸ ಅಷ್ಟು ಅಂದವಾಗಿ ಕಂಡದ್ದು ಅದೇ ಮೊದಲು.

"ಶಿವಮೊಗ್ಗಕ್ಕೆ ಕರ್ಕೊಂಡು ಹೋಗ್ಬೇಕಾಗ್ತದೆ," ಎಂದರು ಡಾಕ್ಟರು. "ತಡ ಮಾಡೋ ಹಾಗಿಲ್ಲ."

ಸೌಜನ್ಯಾ ಪರದೆ ನೋಡಿದಳು. ಅವಳ ಮುಖದ ಬಣ್ಣ ಇಳಿದುಹೋಯಿತು. ಅದನ್ನು ಕಂಡು ನನ್ನಲ್ಲಿ ಏನು ಕಟ್ಟೆಯಿತ್ತೋ ಒಡೆದುಹೋಯಿತು. ಕ್ಲಿನಿಕ್ಕಿನ ನೆಲದ ಮೇಲೆ ಕುಸಿದು ಕೂತು, ಅಳುತ್ತಲೇ, ಎಲ್ಲವನ್ನೂ ಹೇಳಿದೆ. ಇರುವೆ ಕಾಣೆಯಾದದ್ದು, ಚಟ್ನಿ ಬಾಳೆಬುಡಕ್ಕೆ ಸುರಿದದ್ದು, ಮ್ಯಾಟು ಕತ್ತರಿಸಿದ್ದು, ಉಗುರುಬಣ್ಣ ಕದ್ದದ್ದು, ಇಲಿ ಎಂದು ಸುಳ್ಳು ಹೇಳಿದ್ದು, ಮಿಕ್ಸಿ ಅಂಗಡಿಯ ಬಾಗಿಲಿಗೂ ಹೋಗದಿದ್ದದ್ದು. ಯಾರೂ ಕೇಳದಿದ್ದರೂ, ಹೋದ ಗೌರಿಹಬ್ಬದಲ್ಲಿ ಅವಳ ತವರಿನಿಂದ ಬಂದ ಗಾಜಿನ ಜಾಡಿ ಒಡೆದದ್ದು ಬೆಕ್ಕಲ್ಲ, ನಾನು ಎಂಬುದನ್ನೂ ಹೇಳಿದೆ. "ನಿಮ್ಮಪ್ಪನ್ನ ಕೊಂದವನು ನಾನೇ ಕಣೇ," ಎಂದೆ.

ಬಾಗಿಲ ಹತ್ತಿರ ಯಾರೋ ಕೆಮ್ಮಿದರು. ಎಕ್ಸ್‌ರೇ ಕೋಣೆಯಿಂದ ಬಂದು ಮಾವ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ ಗೊತ್ತಿಲ್ಲ. ಅವರು ಪರದೆಯನ್ನು ನೋಡಿದರು. ದೂರದ್ದು ಅವರಿಗೆ ಚೆನ್ನಾಗಿಯೇ ಕಾಣುತ್ತದೆ. ಆಮೇಲೆ ಪಂಚೆಯ ಎಡಮಡಿಕೆಯೊಳಗೆ ಕೈ ಹಾಕಿ ತಮ್ಮ ಎಲೆಅಡಿಕೆ ಸಂಚಿ ಹೊರತೆಗೆದು, ದಾರ ಸಡಿಲಿಸಿ, ಒಳಮಗ್ಗುಲನ್ನು ನಮಗೆ ತೋರಿಸಿದರು.

ಬಟ್ಟೆಗೆ ಚುಚ್ಚಿಕೊಂಡು, ಸೊಂಟ ಕೊಂಕಿಸಿಕೊಂಡು, ಆರು ಕಾಲು ಕೆದರಿಕೊಂಡು ಕೂತಿತ್ತು, ನನ್ನ ಇರುವೆ.

"ಚಟ್ನಿಗೆ ಮೊದ್ಲೇ ಬಾಯಿಗೆ ನಾಕು ಹುರಿದ ಚಗಳಿ ಹಾಕ್ಕೊಳಣಾಂತ ತಟ್ಟೆಗೆ ಕೈ ಹಾಕಿದೆ," ಎಂದರು ಮಾವ, ನೆಲ ನೋಡುತ್ತಾ. "ಒಂದು ಚುಚ್ತು. ಜೀವ ಅದೆ ಅಂದ್ಕೊಂಡೆ. ತೋಳುದ್ದ ಹಿಡಿದು ನೋಡಿದ್ರೆ ನಿಮ್ದು. ಎಷ್ಟು ಚಂದ ಕಟ್ಟಿದ್ರಿ ಅಂತೀನಿ. ನಮ್ಮೂರ ಹಳ್ಳಕ್ಕೆ ಒಂದ್ಸಲ ಬಿಟ್ಟು ನೋಡಣಾಂತ ಆಸೆ ಆಯ್ತು. ಚಪ್ಲಿ ಚೂರು ಅಂತ ನಿನ್ನೆ ಅಂದುಬಿಟ್ಟಿದ್ನಲ್ಲ, ಕೇಳಕ್ಕೆ ಮುಖ ಇರ್ಲಿಲ್ಲ. ನೀವು ಬಾಳೆಹಣ್ಣು ತಂದು ನನ್ನ ಮುಖಾನೇ ನೋಡ್ತಾ ನಿಂತಾಗ್ಲೇ ಸಿಕ್ಕಿಬಿದ್ದೆ ಅಂದ್ಕೊಂಡೆ. ಅಯಸ್ಕಾಂತ ತಂದು ಮೈಯೆಲ್ಲ ತಪಾಸಣೆ ಮಾಡಿದ್ರಿ. ಆಮೇಲೆ ಎಕ್ಸ್‌ರೇ ಅಂದ್ರಿ. ಬರಲ್ಲ ಅಂದ್ರೆ ಕದ್ದಿದ್ದು ಒಪ್ಕೊಂಡ ಹಾಗಾಗ್ತದೆ ಅಂತ ಎದ್ದೆ. ಒಂದು ಇರುವೆಗೆ ಇಷ್ಟೆಲ್ಲ ಮಾಡ್ತಾರಾ ಅಂತ ನಂಗೂ ಹೆದ್ರಿಕೆ ಆಗಿಹೋಯ್ತು."

ಬೆಳಿಗ್ಗೆಯಿಂದ ನಾನು ಅವರ ಪ್ರಾಣಕ್ಕೆ ಹೆದರಿ ಬೆವೆತಿದ್ದೆ, ಅವರು ತಮ್ಮ ಮಾನಕ್ಕೆ ಹೆದರಿ ಬೆವೆತಿದ್ದರು. ಗಂಟಲಿಗೆ ಚುಚ್ಚಿದ್ದು ಬರೀ ಹಸಿಮೆಣಸು. ನಾನು ಎದ್ದು ಮಾವನನ್ನು ತಬ್ಬಿಕೊಂಡೆ. ಮಾವ ನನ್ನ ಬೆನ್ನು ತಟ್ಟಿದರು. ಡಾಕ್ಟರು ನೀರು ಕುಡಿಯುವ ನೆಪದಲ್ಲಿ ಆ ಕಡೆ ತಿರುಗಿದರು, ಭುಜಗಳು ಕುಣಿಯುತ್ತಿದ್ದವು. ನನಗೆ ಆ ಹೊತ್ತಿಗೆ ಜಗತ್ತಿನಲ್ಲಿ ಯಾವ ಭಯವೂ ಉಳಿದಿರಲಿಲ್ಲ. ಎರಡು ನಿಮಿಷ ಬಾಯಿ ಮುಚ್ಚಿಕೊಂಡು ಕೂತಿದ್ದರೆ ಮ್ಯಾಟು, ಉಗುರುಬಣ್ಣ, ಜಾಡಿ ಎಲ್ಲ ನನ್ನೊಳಗೇ ಉಳಿಯುತ್ತಿದ್ದವಲ್ಲ ಎಂದು ಹೊಳೆದದ್ದು ಆಮೇಲೆ, ಸೌಜನ್ಯಾ ಇರುವ ಕಡೆ ತಿರುಗಿದಾಗ.

ಅವಳು ಬಂದು ಕಾರಿನ ಮುಂದಿನ ಸೀಟಿನಲ್ಲಿ ಕೂತಳು. ಸೇತುವೆ ದಾಟಿದ ಮೇಲೆ ನಿಧಾನಕ್ಕೆ ಹೇಳಿದಳು.

"ಇಲಿ ಕಚ್ಚಿದ್ರೆ ಅಂಚು ಹರಕುಮುರುಕು ಇರ್ತದೆ. ನನ್ನ ಮ್ಯಾಟಿನ ಅಂಚು ಗೆರೆ ಎಳೆದ ಹಾಗಿತ್ತು. ಕತ್ತರಿ ಹಿಡಿಯೋ ಇಲಿ ಈ ಮನೇಲಿ ಒಂದೇ ಇರೋದು. ಆ ಅಂಟು ಹಲಗೆ ಇಟ್ಟಿದ್ದೂ ಅದಕ್ಕೇ."

ನಾನು ನನ್ನ ಬಲಗಾಲು ನೋಡಿಕೊಂಡೆ. ಹಿಂದಿನ ಸೀಟಿನಿಂದ ಮಾವ ನಕ್ಕ ಸದ್ದು ಕೇಳಿತು, ಮಗಳು ಒಮ್ಮೆ ತಿರುಗಿ ನೋಡಿದ ಮೇಲೆ ಅದೂ ನಿಂತಿತು.

ಮನೆ ಮುಟ್ಟುವಾಗ ಬಿಸಿಲು ಇಳಿದಿತ್ತು. ಅತ್ತೆ ಬಾಗಿಲಲ್ಲೇ ನಿಂತಿದ್ದರು. ಮಾವ ಒಳಗೆ ಹೋಗಿ ಕುರ್ಚಿ ಹಿಡಿದರು. ನನಗೆ ಮಾತ್ರ ಅಂಗಳ ದಾಟಲು ಧೈರ್ಯ ಬರಲಿಲ್ಲ. ಹೊಳೆಗೆ ಹೋಗಿರಲಿಲ್ಲ, ಗಾಳದ ರಾಡ್ ಬಿಚ್ಚಿರಲಿಲ್ಲ, ಮೀನು ಬಿಡಿ, ಮೀನಿನ ಬಾಲ ಕೂಡ ಕಂಡಿರಲಿಲ್ಲ. ಸೋತೆ ಎಂದು ಒಪ್ಪಿಕೊಂಡೆ. ನಾಳೆಯಿಂದ ಎರೆಹುಳದ ಡಬ್ಬ ನಾನೇ ಹೊರುತ್ತೇನೆ ಮಾವ ಎಂದು ಹೊರಗಿನಿಂದಲೇ ಕೂಗಿ ಹೇಳಿದೆ.

ಸೌಜನ್ಯಾ ಹೊಸಿಲ ಒಳಗೆ ನಿಂತು, ಸಂಚಿಯಿಂದ ಬಿಡಿಸಿ ತಂದಿದ್ದ ಇರುವೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ನನ್ನನ್ನು ತಲೆಯಿಂದ ಅಂಟಿನ ಕಾಲಿನವರೆಗೆ ಒಮ್ಮೆ ನೋಡಿದಳು.

"ಸೋತಿದ್ದು ಯಾರು? ಇರುವೆಗೆ ಬಿದ್ದಿದ್ದನ್ನ ಸಂಜೆ ಒಳಗೆ ಹೊಸಿಲು ದಾಟಿಸ್ತೀನಿ ಅಂದಿದ್ರಿ," ಎಂದಳು. "ಕತ್ತಲಾಗ್ತಾ ಬಂತು. ದಾಟಿ ಒಳಗೆ ಬನ್ನಿ."